ಅಪ್‌ಡೇಟ್: ಅಮ್ಮನ ವಿಗ್ ಈಗ ವಿಗ್ ಥರ ಕಾಣುತ್ತಿಲ್ಲ

ಹೋದ ತಿಂಗಳು ಕೇಳಿದ್ದೆ: ಕೀಮೋ ಆದ ಮೇಲೆ ಅಮ್ಮನಿಗೆ ತಂದ ಲೇಸ್ ವಿಗ್ (ತೆಳು ಬಲೆಗೆ ಕೂದಲು ಗಂಟು ಹಾಕಿ ಮಾಡಿದ್ದು) ಹಣೆಯ ಹತ್ತಿರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಾಣುತ್ತದೆ, ಏನು ಮಾಡಲಿ ಅಂತ. ಈಗ ಸರಿಯಾಯ್ತು ಮಾರಾಯ್ರೆ.

ಹೆಚ್ಚಿನವರು ಅಂಚಿನ ಕೂದಲು ಕೀಳಲು ಹೇಳಿದ್ದಿರಿ. ವಿಗ್ ಇಡುವ ಸ್ಟ್ಯಾಂಡ್ ಮನೆಯಲ್ಲಿಲ್ಲ. ಸುಲಿಯದ ದೊಡ್ಡ ತೆಂಗಿನಕಾಯಿಗೆ ಹಾಕಿ, ಸಿಪ್ಪೆಗೆ ಗುಂಡುಪಿನ್ನು ಚುಚ್ಚಿದೆ. ಗಟ್ಟಿಯಾಗಿ ಕೂತಿತು! ಹುಬ್ಬು ಕೀಳುವ ಚಿಮಟದಲ್ಲಿ ಒಂದೊಂದೇ ಎಳೆ ಕಿತ್ತೆ. ನಮ್ಮ ಕೂದಲು ಅಂಚಲ್ಲಿ ತೆಳುವಾಗಿ ಶುರುವಾಗಿ ಒಳಗೆ ಹೋದಂತೆ ದಟ್ಟವಾಗುತ್ತದೆ ಅಲ್ವಾ, ಅದನ್ನೇ ತರಬೇಕು. ಉತ್ಸಾಹ ಜಾಸ್ತಿಯಾಗಿ ಎಡಗಡೆ ಸ್ವಲ್ಪ ಬೋಳು ಮಾಡಿಬಿಟ್ಟೆ. ಬೈತಲೆ ಪಕ್ಕಕ್ಕೆ ತೆಗೆದು ಅದನ್ನು ಮುಚ್ಚಿದ್ದಾಯ್ತು.

ಮುಂದೆ ಉಳಿದ ಲೇಸನ್ನು ನೇರವಾಗಿ ಅಲ್ಲ, ಅಂಕುಡೊಂಕಾಗಿ ಕತ್ತರಿಸಿದೆ. ಕೂದಲಿನ ಗಂಟುಗಳು ಕಪ್ಪು ಚುಕ್ಕಿಯ ಹಾಗೆ ಕಾಣುತ್ತಿದ್ದವು. ಬ್ಲೀಚ್ ಮಾಡಲು ಧೈರ್ಯ ಬರಲಿಲ್ಲ. ಅಮ್ಮನ ಮೈಬಣ್ಣದ ಕಾಂಪ್ಯಾಕ್ಟ್ ಪೌಡರನ್ನು ಲೇಸಿನ ಒಳಬದಿಗೆ ಹಚ್ಚಿದೆ, ಅಷ್ಟೇ ಸಾಕಾಯ್ತು.

ಅಂಟು ಮಾತ್ರ ಬಳಸಲಿಲ್ಲ. ಮೊದಲೇ ಚರ್ಮ ಸೂಕ್ಷ್ಮ, ಮೇಲಿಂದ ಉಡುಪಿಯ ಸೆಕೆ. ಒಳಗೆ ಹತ್ತಿಯ ಟೋಪಿ, ಅದರ ಮೇಲೆ ಜಾರದ ಹಾಗೆ ವೆಲ್ವೆಟ್ ಪಟ್ಟಿ.

ಮೊನ್ನೆ ರಥಬೀದಿಯಲ್ಲಿ ಹಳೆಯ ನೆರೆಮನೆಯವರು ಸಿಕ್ಕಿ, "ಕೂದಲು ಬೇಗ ಬಂತಲ್ಲ ಅಕ್ಕಾ!" ಅಂದರು. ಅಮ್ಮ ಸುಮ್ನೆ ನಕ್ಕಳು. ಆಮೇಲೆ ನನ್ನ ಕೇಳದೆಯೇ ಒಂದು ಚೆಂಡು ಮಲ್ಲಿಗೆ ಕೊಂಡಳು.