ದಿನಾ ಒರೆಸೋ ಕಾರಿಗೇ ಯಾಕೆ ಗೀರು?

ಪ್ರಶ್ನೆ (ಜೆ.ಪಿ. ನಗರ): ಸರ್, ನಮ್ಮದು ಕಪ್ಪು ಕಾರು, ತಗೊಂಡು ಒಂದೂವರೆ ವರ್ಷ. ಅಪಾರ್ಟ್‌ಮೆಂಟಲ್ಲಿ ದಿನಾ ಬೆಳಗ್ಗೆ ಒಬ್ಬರು ಒರೆಸಿ ಹೋಗ್ತಾರೆ. ದೂರದಿಂದ ಪಳಪಳ ಅನ್ನುತ್ತೆ. ಬಿಸಿಲಿಗೆ ತಂದು ನಿಲ್ಲಿಸಿದ್ರೆ ಮಾತ್ರ ಬಾನೆಟ್ ತುಂಬ ಜೇಡರ ಬಲೆ ಥರ ಗೀರು. ಮೇಲೆ ಬಿಳಿ ಚುಕ್ಕೆ ಬೇರೆ, ಉಜ್ಜಿದ್ರೂ ಹೋಗಲ್ಲ. ಇನ್ಮೇಲೆ ನಾನೇ ತೊಳೀಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಸರ್, ದಿನಾ ಒರೆಸಿದ್ದಕ್ಕೇ ಹಾಗಾಗಿರೋದು. ನಿಮ್ಮ ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇದೆ. ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಹೊಳಪೆಲ್ಲ ಅದರದ್ದೇ. ಧೂಳು ಅದರ ಮೇಲೆ ಸುಮ್ಮನೆ ಕೂತಿದ್ರೆ ಗೀರು ಬೀಳಲ್ಲ. ಆ ಧೂಳಿನ ಮೇಲೆ ಬಟ್ಟೆ ಎಳೆದಾಗಲೇ ಬೀಳೋದು. ನಮ್ಮ ಬೆಂಗಳೂರಿನ ಧೂಳು ಅಂದ್ರೆ ಗೊತ್ತಲ್ಲ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡು, ಸಿಮೆಂಟು, ಮೆಟ್ರೋ ಕೆಲಸದ ಮಣ್ಣು. ಉಪ್ಪುಕಾಗದದಲ್ಲಿ ಇರೋದೂ ಅಂಥದ್ದೇ.

ಇನ್ನೊಂದು ನೋಡಿ. ಒಂದೇ ಬಕೆಟ್, ಒಂದೇ ಬಟ್ಟೆ, ಹದಿನೈದು ಕಾರು. ನಿಮ್ಮದು ಹನ್ನೊಂದನೆಯದಾದ್ರೆ ಹತ್ತು ಕಾರಿನ ಮಣ್ಣು ಆಗಲೇ ಆ ಬಟ್ಟೇಲಿರುತ್ತೆ. ಒರೆಸೋರನ್ನ ಬೈಬೇಡಿ, ಗಾಡಿಗೆ ಎರಡು ನಿಮಿಷದಲ್ಲಿ ಇನ್ನೇನು ಮಾಡ್ತಾರೆ? ಕೊಡೋ ದುಡ್ಡು ಕೊಡ್ತಾನೇ ಇರಿ. ಗಾಜು, ಚಕ್ರ ಮಾತ್ರ ಮಾಡಿ, ಬಾಡಿ ಮುಟ್ಟಬೇಡಿ ಅಂತ ಹೇಳಿ. ಡಿಕ್ಕಿಯಲ್ಲಿ ಧೂಳು ಹೊಡೆಯೋ ಬ್ರಷ್ ಇದ್ರೆ ಅದನ್ನೂ ಎತ್ತಿಡಿ.

ತೊಳೆಯೋದಕ್ಕೆ ಬೆಳಗ್ಗೆ ಏಳರೊಳಗೆ ಕೂತ್ಕೊಳ್ಳಿ, ಬಾನೆಟ್ ಮುಟ್ಟಿದ್ರೆ ತಣ್ಣಗಿರಬೇಕು. ಮೊದಲು ಬರೀ ನೀರು ಬಿಟ್ಟು ಸಡಿಲ ಮಣ್ಣನ್ನೆಲ್ಲ ಇಳಿಸಿ, ಕೈ ಹಚ್ಚಲೇಬೇಡಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸನ್ನ ಶಾಂಪೂಲಿ ಅದ್ದಿ ಒಂದು ಬಾಗಿಲು ತೊಳೀರಿ, ಬರೀ ನೀರಿನ ಬಕೆಟಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂಗೆ. ರೂಫಿಂದ ಕೆಳಕ್ಕೆ ಬನ್ನಿ. ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ, ಗಟ್ಟಿ ಮಣ್ಣು ಇರೋದೇ ಅಲ್ಲಿ. ಚಕ್ರಕ್ಕೆ ಬೇರೆ ಬಟ್ಟೆ. ಮುಗಿದ ಮೇಲೆ ಆ ಎರಡನೇ ಬಕೆಟ್ಟಿನ ತಳ ನೋಡಿ, ರವೆ ಥರ ಮರಳು ಕೂತಿರುತ್ತೆ. ಅದಷ್ಟೂ ನಿಮ್ಮ ಬಾನೆಟ್ ಮೇಲೆ ಓಡಾಡ್ತಿತ್ತು.

ಪಾತ್ರೆ ತೊಳೆಯೋ ಲಿಕ್ವಿಡ್, ಬಟ್ಟೆ ಪೌಡರ್ ಬೇಡ. ಹಾಕಿರೋ ವ್ಯಾಕ್ಸೆಲ್ಲ ಕಿತ್ಕೊಂಡು ಹೋಗುತ್ತೆ.

ಬಿಳಿ ಚುಕ್ಕೆ ಬೋರ್‌ವೆಲ್ ನೀರಿಂದು. ಹನಿ ಒಣಗುತ್ತೆ, ಅದರಲ್ಲಿದ್ದ ಕ್ಯಾಲ್ಸಿಯಂ ಅಲ್ಲೇ ಉಳಿಯುತ್ತೆ. ಗೀಸರ್ ಕಾಯಿಲ್ ಮೇಲೆ ಕೂರೋ ಬಿಳಿ ಪೊರೆ ಇದೆಯಲ್ಲ, ಅದೇ ಇದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ನೆರಳಲ್ಲಿ, ಬಟ್ಟೆ ಅದ್ದಿ ಚುಕ್ಕೆ ಮೇಲೆ ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೀರಿ. ಆಗಲೂ ಗುರುತು ಉಳಿದ್ರೆ ಅದು ಕ್ಲಿಯರ್ ಕೋಟನ್ನೇ ತಿಂದಿದೆ, ಪಾಲಿಶ್‌ಗೇ ಬರಬೇಕು.

ಒರೆಸೋಕೆ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ಮೆಲ್ಲಗೆ ಎಳೀರಿ. ಕೆಳಗೆ ಬಿತ್ತೋ, ಆ ಟವೆಲ್ ಅವತ್ತಿಗೆ ಮುಗೀತು. ಈ ಕಾರ್ ತೊಳೆದು ಪಾಲಿಶ್ ಮಾಡೋ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಬಿದ್ದ ಟವೆಲ್ಲನ್ನ ಎರಡು ಸಲ ಕೊಡವಿ ಗಿರಾಕಿಯ ಕಪ್ಪು ಬಾನೆಟ್ ಮೇಲೆ ಎಳೆದೆ. ಒಂದು ಮೊಳ ಉದ್ದ ಗೀರು. ಮಧ್ಯಾಹ್ನ ಪೂರ್ತಿ ಬಿಟ್ಟಿ ಪಾಲಿಶ್ ಮಾಡಿಕೊಟ್ಟೆ.

ಪ್ರಶ್ನೆ (ವೈಟ್‌ಫೀಲ್ಡ್): ಎರಡು ಬಕೆಟ್ ನೀರು ಎಲ್ಲಿಂದ ತರೋದು ಅಣ್ಣ? 2024ರ ಮಾರ್ಚಲ್ಲಿ ಜಲಮಂಡಳಿ, ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5000 ರೂಪಾಯಿ ದಂಡ ಅಂದಿತ್ತು. ಆರ್‌ಓ ಫಿಲ್ಟರ್ ಹೊರಬಿಡೋ ವೇಸ್ಟ್ ನೀರು ಹಿಡಿದಿಟ್ಟು ತೊಳೀಬಹುದಾ?

ಉತ್ತರ: ಆ ದಂಡ ನೆನಪಿದೆ, ಆಗ ನನಗೂ ಎಷ್ಟೋ ದಿನ ಕೆಲಸ ಇರಲಿಲ್ಲ. ಆರ್‌ಓ ವೇಸ್ಟಲ್ಲಿ ಚಕ್ರ, ಮ್ಯಾಟು ತೊಳೀರಿ, ಬಾಡಿಗೆ ಬೇಡ. ಕುಡಿಯೋ ನೀರಿಂದ ತೆಗೆದ ಉಪ್ಪೆಲ್ಲ ಸೇರಿರೋದು ಅದರಲ್ಲೇ, ನೀರಲ್ಲಿ ಕರಗಿದ ಉಪ್ಪಿನಂಶ ತೋರಿಸೋ ಟಿಡಿಎಸ್ ಮೀಟರ್ ಅದ್ದಿ ನೋಡಿ. ಎಸಿಯಿಂದ ತೊಟ್ಟಿಕ್ಕೋ ನೀರು ಹಿಡಿದಿಡಿ, ಅದರಲ್ಲಿ ಉಪ್ಪಿಲ್ಲದ ಹಾಗೇ, ಕೊನೇ ಸಲ ಹಾಯಿಸೋಕೆ ಚಿನ್ನದಂಥದ್ದು. ಮಳೆ ನೀರೂ ಆಗುತ್ತೆ. ಇನ್ನು ರಿನ್ಸ್‌ಲೆಸ್ ವಾಶ್ ಅಂತ ಲಿಕ್ವಿಡ್ ಸಿಗುತ್ತೆ, ಅರ್ಧ ಬಕೆಟ್ ನೀರಿಗೆ ಬಾಟಲಿ ಮೇಲೆ ಬರೆದಷ್ಟು ಹಾಕಿದ್ರೆ ಇಡೀ ಕಾರು ಆಗುತ್ತೆ, ಆಮೇಲೆ ನೀರು ಹಾಯಿಸಿ ತೊಳೆಯೋ ಅಗತ್ಯ ಇಲ್ಲ. ಕೆಸರು ಮೆತ್ತಿದ ಗಾಡಿಗೆ ಮಾತ್ರ ಅದು ಸಾಲದು.

ಪ್ರಶ್ನೆ (ಮಲ್ಲೇಶ್ವರ): ನಮ್ಮನೆ ಮುಂದೆ ಹೊಂಗೆ ಮರ, ನೆರಳು ಬಿಟ್ಟು ಬೇರೆ ಜಾಗ ಇಲ್ಲ. ಹಕ್ಕಿ ಹಿಕ್ಕೆ ನಿತ್ಯದ್ದು. ಮೊನ್ನೆ ಆಯುಧ ಪೂಜೆಗೆ ನಮ್ಮತ್ತೆ ಬಾನೆಟ್‌ಗೆ ಗಂಧ, ಅರಿಶಿನ, ಕುಂಕುಮ ಎಲ್ಲ ಹಚ್ಚಿದ್ರು, ಒಣಗಿ ಗಟ್ಟಿಯಾಗಿದೆ. ತೆಗೆಯೋಕೆ ಭಯ.

ಉತ್ತರ: ಮೇಡಂ, ಹಬ್ಬದ ಮಾರನೇ ದಿನ ನಮ್ಮ ಶಾಪಲ್ಲಿ ಬರೀ ಇದೇ ಕೇಸು. ಒಣಗಿದ್ದನ್ನ ಉಗುರಲ್ಲಿ ಕೆರೀಬೇಡಿ. ಒದ್ದೆ ಟಿಶ್ಯೂ ಅದರ ಮೇಲೆ ಹಾಕಿ, ಹತ್ತು ನಿಮಿಷ ನೆನೆಯಲಿ. ಆಮೇಲೆ ಒರೆಸದೆ ಹಾಗೇ ಎತ್ತಿ. ಹಿಕ್ಕೆಗೂ ಇದೇ, ಆದರೆ ಅದು ಕಂಡ ದಿನವೇ. ಅದರಲ್ಲಿ ಆಮ್ಲ ಇದೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ, ತಣ್ಣಗಾಗೋ ಹೊತ್ತಿಗೆ ಅಚ್ಚು ಒತ್ತಿಬಿಡುತ್ತೆ. ನಿಂಬೆಹಣ್ಣು ಚಕ್ರದ ಕೆಳಗಿದ್ರೆ ಪರವಾಗಿಲ್ಲ, ಹೋಳು ಮಾಡಿ ಬಾನೆಟ್ ಮೇಲೆ ಇಡೋದು ಬೇಡ. ಮುಂದಿನ ವರ್ಷ ಅತ್ತೆಯವರಿಗೆ ನಂಬರ್ ಪ್ಲೇಟ್ ತೋರಿಸಿ, ಕುಂಕುಮ ಅಲ್ಲಿಟ್ರೂ ಪೂಜೆ ಪೂಜೆಯೇ.

ಪ್ರಶ್ನೆ (ಜೆ.ಪಿ. ನಗರ, ಮೊದಲು ಕೇಳಿದವರು): ಸರ್, ಬಣ್ಣದ ಮೇಲೆ ಗಟ್ಟಿ ಪದರ ಬಳಿಯೋ ಸೆರಾಮಿಕ್ ಕೋಟಿಂಗ್ ಮಾಡಿಸಿದ್ರೆ ಇದೆಲ್ಲ ತಪ್ಪುತ್ತಾ? ಶೋರೂಮಲ್ಲಿ ಗೀರೇ ಬೀಳಲ್ಲ ಅಂದಿದ್ರು.

ಉತ್ತರ: ಬೀಳುತ್ತೆ. ನಾನೂ ಸೆರಾಮಿಕ್ ಮಾಡ್ತೀನಿ, ಆದ್ರೂ ಹೇಳ್ತೀನಿ. ನೀರು ಜಾರುತ್ತೆ, ಕೊಳೆ ಬೇಗ ಬಿಡುತ್ತೆ, ಹಿಕ್ಕೆಗೆ ಸ್ವಲ್ಪ ತಡೆ. ಕಲ್ಲೇಟಿಗೂ ಒಣ ಬಟ್ಟೆಗೂ ಅದು ತಡೆಯಲ್ಲ, ಬೋರ್‌ವೆಲ್ ಚುಕ್ಕೆ ಅದರ ಮೇಲೂ ಕೂರುತ್ತೆ. ಸದ್ಯಕ್ಕೆ ಒಂದು ಸಲ ಪಾಲಿಶ್ ಮಾಡಿಸಿ, ಪ್ರತಿ ವರ್ಷ ಬೇಡ, ಯಾಕಂದ್ರೆ ಪ್ರತಿ ಪಾಲಿಶ್‌ಗೂ ಆ 40–50 ಮೈಕ್ರಾನಲ್ಲೇ ಒಂದಿಷ್ಟು ಸವೀಬೇಕು. ಆಮೇಲೆ ನೀವೇ ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಕೊಳ್ಳಿ. ನೀರು ಮುತ್ತಿನ ಥರ ನಿಲ್ಲದೆ ಹಾಳೆ ಥರ ಹರಡಿದ್ರೆ ವ್ಯಾಕ್ಸ್ ಹೋಗಿದೆ ಅಂತ. ತೆಳ್ಳಗೆ ಹಚ್ಚಿ, ದಪ್ಪ ಬಳಿದ್ರೆ ಒರೆಸೋಕೆ ರಟ್ಟೆ ಬಿದ್ದುಹೋಗುತ್ತೆ, ಹೊಳಪು ಅಷ್ಟೇ.

ಹಾಂ, ನಿಮ್ಮ ಪಾರ್ಕಿಂಗ್ ಬೇಸ್‌ಮೆಂಟಲ್ಲಾ? ಮೇಲಿಂದ ನೀರು ತೊಟ್ಟಿಕ್ಕುತ್ತಾ ನೋಡಿ. ಕಾಂಕ್ರೀಟಿಂದ ಇಳಿಯೋ ನೀರಲ್ಲಿ ಸುಣ್ಣ ಇರುತ್ತೆ, ಅದರ ಕಲೆ ಬೋರ್‌ವೆಲ್ ಚುಕ್ಕೆಗಿಂತ ಮೊಂಡು. ಚುಕ್ಕೆ ಎಲ್ಲ ರೂಫ್ ಮೇಲೆ ಒಂದೇ ಸಾಲಲ್ಲಿದ್ರೆ ಫೋಟೋ ಹಾಕಿ.

ಜೆ.ಪಿ. ನಗರ: ಒಂದೇ ಸಾಲಲ್ಲೇ ಇದೆ ಸರ್. ಈಗ ಇಳಿದು ನೋಡಿ ಬಂದೆ.

ಉತ್ತರ: ಇವತ್ತೇ ಗಾಡಿ ಅಲ್ಲಿಂದ ತೆಗೀರಿ. ತೊಳೆಯೋದು ಭಾನುವಾರ ನೋಡೋಣ.