ಐದು ತಿಂಗಳು ಬಿಟ್ಟಿದ್ದವರು ಮತ್ತೆ ಕುಡಿದರು, ಕೌನ್ಸೆಲರ್ ಆಗಿ ನಾನು ಎಲ್ಲಿ ತಪ್ಪಿದೆ?

ಕಟಪಾಡಿಯವಳು (ಉಡುಪಿ)

ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಈ ಕೆಲಸಕ್ಕೆ ಸೇರಿ ಹತ್ತು ತಿಂಗಳಾಯಿತು. ಸಮುದಾಯ ಮಾನಸಿಕ ಆರೋಗ್ಯದ ಕೆಲಸ. ಅದರಲ್ಲಿ ಕುಡಿತ, ಗಾಂಜಾ ಬಿಡುವವರ ಕೌನ್ಸೆಲಿಂಗ್ ನನ್ನ ಪಾಲಿಗೆ ಬಂದಿದೆ. ವಾರಕ್ಕೆ ಒಂದು ದಿನ ತಾಲೂಕು ಆಸ್ಪತ್ರೆ, ಉಳಿದ ದಿನ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಮನೆ ಭೇಟಿ.

ಒಬ್ಬರ ವಿಷಯ ಕೇಳಬೇಕಿತ್ತು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆಳಸಮುದ್ರ ಬೋಟಿನಲ್ಲಿ ಕೆಲಸ, ನಲವತ್ತರ ಹತ್ತಿರದ ವಯಸ್ಸು. ಮೊದಲ ದಿನ ಕುಡಿತ ಎಷ್ಟು ಹಿಡಿದಿದೆ ಅಂತ ಅಳೆಯುವ ಆಡಿಟ್ ಪ್ರಶ್ನಾವಳಿ ಮಾಡಿದಾಗ 40ಕ್ಕೆ 27 ಬಂತು. 8 ಅಥವಾ ಹೆಚ್ಚು ಬಂದರೆ ಎಚ್ಚರಿಕೆ, 20 ಅಥವಾ ಹೆಚ್ಚು ಬಂದರೆ ಬಹುಶಃ ಚಟಕ್ಕೆ ಬಿದ್ದಿದ್ದಾರೆ ಅಂತ ನಾವು ಕಲಿತದ್ದು. ಜೂನ್‌ನಲ್ಲಿ ಮೀನುಗಾರಿಕೆ ನಿಷೇಧ ಶುರುವಾದಾಗ ಅಡ್ಮಿಟ್ ಆದರು. ಹೊರಗೆ ಬಂದ ಮೇಲೆ ಐದು ತಿಂಗಳು ಮುಟ್ಟಲಿಲ್ಲ. ಮಗಳಿಗೆ ಸೈಕಲ್ ತೆಗೆದುಕೊಟ್ಟ ದಿನ ನನಗೆ ಫೋನ್ ಮಾಡಿ ಬೆಲ್ ಬಾರಿಸಿ ಕೇಳಿಸಿದ್ದರು.

ಇತ್ತೀಚೆಗೆ ಸಂಬಂಧಿಕರ ಮದುವೆಯ ಮೆಹಂದಿ ರಾತ್ರಿ ಒಂದು ಗ್ಲಾಸ್ ತೆಗೆದುಕೊಂಡಿದ್ದಾರೆ. ಆಮೇಲೆ ಒಂಬತ್ತು ದಿನ ನಿಲ್ಲಿಸಲಿಲ್ಲವಂತೆ. ಅದಕ್ಕೂ ಮೊದಲು ಎರಡು ಸಲ ಫಾಲೋಅಪ್‌ಗೆ ಬಂದಿರಲಿಲ್ಲ. ಬೋಟಿಗೆ ಹೋಗಿರಬೇಕು ಅಂದುಕೊಂಡು ನಾನು ಫೋನ್ ಮಾಡಲಿಲ್ಲ. ನಿನ್ನೆ ಅವರ ಹೆಂಡತಿ ಆರೋಗ್ಯ ಕೇಂದ್ರಕ್ಕೆ ಬಂದು ಎಲ್ಲರ ಎದುರೇ ಕೇಳಿದರು, "ಮೇಡಂ, ನೀವು ಇಷ್ಟು ದಿನ ಅವರ ಹತ್ತಿರ ಮಾತಾಡಿದ್ದು ಎಂತ?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹೋಗುವಾಗ ಇನ್ನೊಂದು ಕೇಳಿದರು. ಗೊತ್ತಾಗದ ಹಾಗೆ ಸಾರಿಗೆ ಹಾಕುವ ಮಾತ್ರೆ ಉಂಟಂತಲ್ವಾ, ಅದನ್ನು ಕೊಡಿಸಿ ಅಂತ.

ಕೇಳಲು ನನಗೆ ಹಿರಿಯರು ಯಾರೂ ಇಲ್ಲ. ತಿಂಗಳ ಕೊನೆಗೆ ಎಷ್ಟು ಜನರನ್ನು ನೋಡಿದಿರಿ ಅಂತ ಕೇಳುತ್ತಾರೆ, ಅಷ್ಟೇ. ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕೌನ್ಸೆಲರ್ ಕೆಲಸ ಖಾಲಿ ಇದೆ, ಅದನ್ನು ಹಿಡಿ ಅಂತ ಅಪ್ಪ ಹೇಳುತ್ತಿದ್ದಾರೆ. ಈ ಕೆಲಸ ನನ್ನ ಕೈಯಲ್ಲಿ ಆಗುವುದಾ ಇಲ್ವಾ ಅನ್ನುವುದೇ ತಿಳಿಯುತ್ತಿಲ್ಲ. ಯಾರಾದರೂ ಹೇಳಿ.

ದಕ್ಕೆ ಬದಿ (ಮಂಗಳೂರು)

ತಂಗೀ, ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಇದನ್ನು ಓದಿ, ಇವತ್ತೇ ಮಾಡಿ.

ಅವರು ಈಗ ಕುಡಿಯುತ್ತಿದ್ದಾರಾ, ನಿಲ್ಲಿಸಿದ್ದಾರಾ, ಬೋಟು ಯಾವಾಗ ಹೊರಡುತ್ತದೆ, ಇಷ್ಟನ್ನು ತಿಳಿದುಕೊಳ್ಳಿ. ಇಷ್ಟು ದಿನ ಜೋರಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿ ಕಡಲಿಗೆ ಹೋದರೆ ಅಪಾಯ. ಕೊನೆಯ ಗ್ಲಾಸ್ ಆದ ಆರು ಗಂಟೆಯಿಂದ ಎರಡು ದಿನದ ಒಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಬುದ್ಧಿ ಕದಡುತ್ತದೆ, ಇಲ್ಲದ್ದು ಕಾಣುತ್ತದೆ, ಮೈ ಬೆವರುತ್ತದೆ, ಜೀವಕ್ಕೇ ಕುತ್ತು ಬರಬಹುದು. ಬೋಟಿನಲ್ಲಿ ಡಾಕ್ಟರು ಎಲ್ಲಿಂದ ಬರಬೇಕು? ಮೊದಲು ಆಸ್ಪತ್ರೆ, ಮಾತು ಆಮೇಲೆ. ಆದರೆ ಬೋಟು ನಡೆಸುವ ತಂಡೇಲರಿಗೆ ಫೋನ್ ಮಾಡಿ ವಿಚಾರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅವರ ಚಿಕಿತ್ಸೆಯ ವಿಷಯ ಗುಟ್ಟಾಗಿ ಇರಬೇಕು. ಬೋಟಿನಲ್ಲಿ ಸುದ್ದಿ ಹಬ್ಬಿದರೆ ಮುಂದಿನ ಟ್ರಿಪ್ಪಿಗೆ ಕರೆಯದೇ ಇದ್ದರೂ ಇದ್ದರು.

ಆ ಸಾರಿನ ಮಾತ್ರೆ. ಡೈಸಲ್ಫಿರಾಂ ಇರಬೇಕು. ದಯವಿಟ್ಟು ಬೇಡ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿಪಿ ಇಳಿಯುತ್ತದೆ, ಸಾವೂ ಆಗಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಆ ಅಪಾಯ ಇರುತ್ತದೆ. ತಾನು ಅದನ್ನು ತೆಗೆದುಕೊಳ್ಳುತ್ತಿದ್ದೇನೆ ಅಂತ ಗೊತ್ತಿದ್ದು, ಒಪ್ಪಿಕೊಂಡು, ಡಾಕ್ಟರು ಪರೀಕ್ಷೆ ಮಾಡಿ ಕೊಟ್ಟರೆ ಮಾತ್ರ ಅದು ಮದ್ದು. ಹೆಂಡತಿಗೆ ಇದನ್ನು ಕೂರಿಸಿ ಹೇಳಿ, ಬೈಯಬೇಡಿ. ದಾರಿ ಕಾಣದೆ ಕೇಳಿದ್ದಾರೆ.

ಈಗ ನಿಮ್ಮ ಪ್ರಶ್ನೆ. ಮೆಹಂದಿಗೆ ನೀವು ಹೊಣೆ ಅಲ್ಲ. ಅವರು ಎರಡು ಸಲ ಬಾರದಿದ್ದಾಗ ಫೋನ್ ಮಾಡಲಿಲ್ಲವಲ್ಲ, ಅದು ಮಾತ್ರ ತಪ್ಪು. ನೇರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ನಾನೂ ಅದೇ ತಪ್ಪು ಮಾಡಿ ಒಬ್ಬರನ್ನು ಕಳೆದುಕೊಂಡಿದ್ದೇನೆ. ಬಾರದವರಿಗೆ ಫೋನ್ ಮಾಡುವುದೇ ನಮ್ಮ ಕೆಲಸದ ದೊಡ್ಡ ಪಾಲು. ಎದುರು ಕೂತವರ ಹತ್ತಿರ ಮಾತಾಡುವುದು ಅದಕ್ಕಿಂತ ಸುಲಭ.

ಇನ್ನೊಂದು, ನಮ್ಮ ಊರಿನಲ್ಲಿ ಮತ್ತೆ ಕುಡಿಯುವ ದಿನಗಳು ಹೆಚ್ಚಾಗಿ ಮೊದಲೇ ಗೊತ್ತಿರುತ್ತವೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ದೈವಗಳ ಕೋಲ ನೇಮ ಎಲ್ಲ ನಿಲ್ಲುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಬೋಟು ಇಲ್ಲ. ಆ 61 ದಿನ ಅಡ್ಮಿಟ್ ಮಾಡಲು ಒಳ್ಳೆಯ ಸಮಯ, ಕೂಲಿ ಹೋಗುತ್ತದೆ ಅನ್ನುವ ಹೆದರಿಕೆ ಇರುವುದಿಲ್ಲ. ನಿಮ್ಮವರು ಆಗಲೇ ಬಂದದ್ದು ನೋಡಿ. ಆಗಸ್ಟ್‌ನಿಂದ ಕೈಗೆ ದುಡ್ಡು. ನವೆಂಬರ್ ಆಯಿತು ಅಂದರೆ ಮದುವೆ, ಮೆಹಂದಿ, ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುಂಚಿನ ರೋಸ್ ಶಾಸ್ತ್ರ, ಕೋಲ, ಕಂಬಳ, ಒಂದರ ಹಿಂದೆ ಒಂದು. ಇದನ್ನೆಲ್ಲ ನಾನು ಅವರ ಜೊತೆ ಕೂತು ಅವರ ಮನೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತೇನೆ. ಮೆಹಂದಿಗೆ ಹೋಗಲೇಬೇಕಾ, ಮರುದಿನ ಮುಹೂರ್ತಕ್ಕೆ ಹೋದರೆ ಸಾಕಾ? ಹೋದರೆ ಎಷ್ಟು ಗಂಟೆಗೆ ಹೊರಡುವುದು, ಗಾಡಿ ಯಾರದ್ದು? ಗ್ಲಾಸ್ ಹಿಡಿದುಕೊಂಡು ಭಾವ ಬಂದರೆ ಏನು ಹೇಳುವುದು? "ಎಂಕ್ ಬೊಡ್ಚಿ" (ನನಗೆ ಬೇಡ) ಅನ್ನುವುದನ್ನು ತುಳುವಿನಲ್ಲೇ ಹತ್ತು ಸಲ ಜೋರಾಗಿ ಹೇಳಿಸುತ್ತೇನೆ. ಮನಸ್ಸಿನಲ್ಲಿ ಹೇಳಿಕೊಂಡದ್ದು ಆ ಗಲಾಟೆಯಲ್ಲಿ ಬಾಯಿಗೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ನಾನು ಫೋನ್ ಮಾಡುತ್ತೇನೆ ಅಂತ ಮೊದಲೇ ಹೇಳಿಟ್ಟಿರುತ್ತೇನೆ. ಕುಡಿದಿದ್ದರೂ ಮಾಡುತ್ತೇನೆ ಅಂತಲೂ ಹೇಳಿರುತ್ತೇನೆ.

ಎಂಟನೇ ದಿನ (ಬೆಳ್ತಂಗಡಿ)

ನಾನು ಕೌನ್ಸೆಲರ್ ಅಲ್ಲ ಮೇಡಂ, ನಿಮ್ಮ ಎದುರು ಕೂರುತ್ತಾರಲ್ಲ, ಆ ಕುರ್ಚಿಯವನು. ಧರ್ಮಸ್ಥಳದವರ ಎಂಟು ದಿನದ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟೆ. ಒಂಬತ್ತು ವರ್ಷವಾಯಿತು. ಆದರೆ ಒಂದೇ ಸಲಕ್ಕೆ ಬಿಟ್ಟವನಲ್ಲ. ಅದಕ್ಕೆ ಮೊದಲು ಎರಡು ಸಲ ಆಸ್ಪತ್ರೆಗೆ ಸೇರಿ ಬಿಟ್ಟು ಮತ್ತೆ ಹಿಡಿದವನು.

ಮತ್ತೆ ಕುಡಿದ ಮರುದಿನ ಬೆಳಿಗ್ಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಹೆಂಡತಿಯ ಮುಖ ನೋಡಲಾಗುವುದಿಲ್ಲ, ಅದು ಸರಿ, ಆದರೆ ಅದಕ್ಕಿಂತ ಜಾಸ್ತಿ ಹೆದರಿಕೆ ಆಗುವುದು ನಮ್ಮ ಮೇಲೆ ನಂಬಿಕೆ ಇಟ್ಟ ಕೌನ್ಸೆಲರ್ ಮುಖ ನೋಡಲು, ಅದಕ್ಕೇ ಆಸ್ಪತ್ರೆ ಇರುವ ರಸ್ತೆಗೇ ಹೋಗುವುದಿಲ್ಲ, ಫೋನ್ ಬಂದರೆ ತೆಗೆಯುವುದಿಲ್ಲ. ನನಗೆ ಮೂರು ದಿನ ಫೋನ್ ಬಂತು. ತೆಗೆಯಲಿಲ್ಲ. ನಾಲ್ಕನೇ ದಿನ ತೆಗೆದೆ. ಕುಡಿದಿರಾ ಅಂತ ಕೇಳಲಿಲ್ಲ ಅವರು. "ವಣಸ್ ಆಂಡಾ?" (ಊಟ ಆಯಿತಾ?) ಅಂತ ಕೇಳಿದರು. ನಾನು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಅವರೇ ಶಿಬಿರಕ್ಕೆ ಹೆಸರು ಬರೆಸಿದ್ದು.

ಈಗ ಶಿಬಿರದಲ್ಲಿ ಬಿಟ್ಟವರ ನವಜೀವನ ಸಮಿತಿಯಲ್ಲಿದ್ದೇನೆ, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿಗೂ ಹೋಗುತ್ತೇನೆ. ಅಲ್ಲಿ ಪ್ರತಿ ಸಲ ಬರುವ ಒಂದು ಪ್ರಶ್ನೆ ನೀವೂ ತಿಳಿದಿರಿ. ಕೊರಗಜ್ಜ ದೈವದ ಅಗೆಲಿಗೆ (ನೈವೇದ್ಯಕ್ಕೆ) ಕಲಿ, ಅಂದರೆ ಕಳ್ಳು ಇಡುತ್ತೇವೆ, ಪ್ರಸಾದ ಅಂತ ಒಂದು ತೊಟ್ಟು ತೆಗೆದುಕೊಳ್ಳಬಹುದಾ? ಅಲ್ಲಿ ಸುಮ್ನೆ ನಂಬಿಕೆಯ ಬಗ್ಗೆ ಭಾಷಣ ಮಾಡಬೇಡಿ. ನಾನು ಚಕ್ಕುಲಿ, ಬೀಡ ಮಾತ್ರ ತೆಗೆದುಕೊಳ್ಳುತ್ತೇನೆ, ಕಲಿಗೆ ದೂರದಿಂದ ಕೈಮುಗಿಯುತ್ತೇನೆ. ಅಜ್ಜ ಬೇಸರ ಮಾಡಿಕೊಳ್ಳುವವನಲ್ಲ ಅಂತ ನನ್ನ ನಂಬಿಕೆ. ಮನೆಯ ಹಿರಿಯರಿಗೆ ಮೊದಲೇ ಹೇಳಿಟ್ಟರೆ ಒತ್ತಾಯವೂ ಬರುವುದಿಲ್ಲ.

ಸುರತ್ಕಲ್ ಅಕ್ಕ

ಆ ಹೆಂಡತಿಯ ಜಾಗದಲ್ಲಿ ನಾನು ಹನ್ನೆರಡು ವರ್ಷ ನಿಂತಿದ್ದೇನೆ. ಅವರು ಜೋರು ಮಾಡಿದ್ದು ನಿಮ್ಮ ಮೇಲಿನ ಕೋಪಕ್ಕಲ್ಲ, ಮಗಾ. ಎಲ್ಲರೂ ಗಂಡನನ್ನು ಕೂರಿಸಿ ಒಂದು ಗಂಟೆ ಮಾತಾಡುತ್ತಾರೆ. ಹೆಂಡತಿ ಹೊರಗೆ ಬೆಂಚಿನಲ್ಲಿ ಚೀಟಿ ಹಿಡಿದುಕೊಂಡು ಕೂತಿರುತ್ತಾಳೆ. ರಾತ್ರಿ ನಿದ್ದೆ ಬರುತ್ತದಾ, ಅಡವಿಟ್ಟ ಚಿನ್ನ ಬಿಡಿಸಿದೆಯಾ, ಹೊಡೆಯುತ್ತಾನಾ ಅಂತ ನನ್ನನ್ನು ಕೇಳಿದ್ದು ಎಷ್ಟೋ ವರ್ಷದ ಮೇಲೆ ಒಬ್ಬರು ನರ್ಸ್ ಮಾತ್ರ.

ಅವರ ಮನೆಗೆ ಹೋಗಿ. ಗಂಡ ಇಲ್ಲದ ಹೊತ್ತಿಗೆ, ಹೆಂಡತಿಯನ್ನು ನೋಡಲು ಅಂತಲೇ ಹೋಗಿ. ಅಲ್‌ಅನಾನ್ ಅಂತ ಮನೆಯವರಿಗೇ ಗುಂಪು ಉಂಟು, ಅದರ ಬಗ್ಗೆ ಹೇಳಿ. ರಾತ್ರಿ ಹೊತ್ತು ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇದನ್ನು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ.

ಕೊಡಿಯಾಲ್‌ಬೈಲ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕಾಲೇಜಿನ ಕೆಲಸಕ್ಕೆ ಹೋದರೆ ಸೋತ ಹಾಗೆ ಅಲ್ಲ. ಅಲ್ಲೂ ಗಾಂಜಾ, ಎಂಡಿಎಂಎ ಎಲ್ಲ ಉಂಟು. ಸಿಕ್ಕಿಬಿದ್ದರೆ ಕೇಸ್ ಆಗುತ್ತದೆ ಅನ್ನುವ ಹೆದರಿಕೆಗೆ ಹುಡುಗರು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ತಾವಾಗಿಯೇ ಚಿಕಿತ್ಸೆಗೆ ಬಂದವರಿಗೆ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಸೆಕ್ಷನ್‌ನಲ್ಲಿ ರಕ್ಷಣೆ ಇದೆ ಅಂತ ಅವರಿಗೆ ಹೇಳುವವರೂ ಬೇಕು. ಆದರೆ ಹೋಗುವುದಾದರೆ ಈ ಒಬ್ಬರನ್ನು ಸರಿಯಾಗಿ ಇನ್ನೊಬ್ಬರ ಕೈಗೆ ಒಪ್ಪಿಸಿ ಹೋಗಿ. ಹೆದರಿ ಓಡಿದರೆ ಅಲ್ಲೂ ನಿಮಗೆ ಇವರೇ ನೆನಪಾಗುತ್ತಾರೆ.

ದಕ್ಕೆ ಬದಿ (ಮಂಗಳೂರು)

ಒಂದು ಬಿಟ್ಟುಹೋಯಿತು ತಂಗೀ. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ನಿಮ್ಮವರು ಆ ಒಬ್ಬರು. ಅವರ ಹೆಂಡತಿ ಕೋಪದಲ್ಲಾದರೂ ನಿಮ್ಮ ಹತ್ತಿರವೇ ಬಂದಿದ್ದಾರೆ. ಹಿರಿಯರು ಯಾರೂ ಇಲ್ಲ ಅಂದಿರಿ. ನನಗೆ ಮೆಸೇಜ್ ಮಾಡಿ, ಹೆಸರು ಹೇಳದೆ ಕೇಸ್ ಮಾತಾಡುವ. ಪ್ರತಿ ಶನಿವಾರ ಸಂಜೆ ನಾವು ಮೂರು ಜನ ಹಾಗೆ ಸೇರುತ್ತೇವೆ, ನಾಲ್ಕನೆಯವರಿಗೆ ಜಾಗ ಉಂಟು.

ಕಟಪಾಡಿಯವಳು (ಉಡುಪಿ)

ಎಲ್ಲರಿಗೂ ಧನ್ಯವಾದ. ರಾತ್ರಿ ಇದನ್ನು ಓದಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಏಳೂವರೆಗೆ ಫೋನ್ ಮಾಡಿದೆ. ಮೂರು ಸಲ ತೆಗೆಯಲಿಲ್ಲ. ನಾಲ್ಕನೇ ಸಲ ತೆಗೆದರು. ಊಟದ ಹೊತ್ತು ಅಲ್ಲದಿದ್ದರೂ "ವಣಸ್ ಆಂಡಾ?" ಅಂತಲೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೈ ನಡುಗುತ್ತಾ ಉಂಟು ಮೇಡಂ, ಬೋಟು ನಾಡಿದ್ದು ಹೊರಡುತ್ತದೆ ಅಂದರು.

ಹತ್ತು ಗಂಟೆಗೆ ಇಬ್ಬರೂ ಬಂದರು. ಡಾಕ್ಟರು ನೋಡಿ ಅಡ್ಮಿಟ್ ಮಾಡಿಸಿದ್ದಾರೆ. ಈ ಟ್ರಿಪ್ಪು ತಪ್ಪುತ್ತದೆ, ಅದಕ್ಕೆ ಅವರಿಗೆ ತುಂಬಾ ಬೇಸರ. ಫಾಲೋಅಪ್ ತಪ್ಪಿದಾಗ ಫೋನ್ ಮಾಡದೇ ಇದ್ದದ್ದು ನನ್ನ ತಪ್ಪು ಅಂತ ಇಬ್ಬರ ಹತ್ತಿರವೂ ಹೇಳಿದೆ. ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೆಂಡತಿಯ ಪಕ್ಕ ಬೆಂಚಿನಲ್ಲೇ ಕೂತೆ. ಮಾತ್ರೆಯ ವಿಷಯ ಹೇಳಿದೆ. ಅವರು ಬ್ಯಾಗಿನಿಂದ ಒಂದು ಸ್ಟ್ರಿಪ್ ತೆಗೆದು ನನ್ನ ಕೈಯಲ್ಲಿಟ್ಟರು. ಯಾರೋ ಪರಿಚಯದವರು ಕೊಟ್ಟಿದ್ದರಂತೆ, ಇನ್ನೂ ಒಡೆದಿರಲಿಲ್ಲ.

ದಕ್ಕೆ ಬದಿ ಅಣ್ಣ, ಶನಿವಾರ ಎಷ್ಟು ಗಂಟೆಗೆ?