ಪವರ್‌ಪಾಯಿಂಟ್ ಇಲ್ಲದ ಕಂಪ್ಯೂಟರಿನಲ್ಲಿ ಸ್ಲೈಡ್ ತೋರಿಸುವುದು ಹೇಗೆ? ಅನುಭವ ಇದ್ದವರು ತಿಳಿಸಿ

ಪೆರ್ಲದಿಂದ:
ನಮ್ಮೂರಿನ ಗ್ರಂಥಾಲಯದಲ್ಲಿ ಮಂಜೇಶ್ವರ ಗೋವಿಂದ ಪೈಗಳ ಕುರಿತು ಶಾಲಾ ಮಕ್ಕಳಿಗೆ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಮನೆಯ ಕಂಪ್ಯೂಟರಿನಲ್ಲಿ ಪವರ್‌ಪಾಯಿಂಟ್ ಬಳಸಿ ಸ್ಲೈಡುಗಳನ್ನು ಮಾಡಿ ಮುಗಿಸಿದ್ದೇನೆ. ಕೆಲವದರಲ್ಲಿ ನುಡಿ ತಂತ್ರಾಂಶದ ಅಕ್ಷರ, ಕೆಲವದರಲ್ಲಿ ಎಲ್ಲ ಯಂತ್ರಗಳಿಗೂ ಹೊಂದುವ ಯೂನಿಕೋಡ್ ಅಕ್ಷರ. ಮೊದಲು ಪ್ರಶ್ನೆ, ಗುಂಡಿ ಒತ್ತಿದ ಮೇಲೆ ಉತ್ತರ ಬರುವ ರಸಪ್ರಶ್ನೆಯೂ ಇದೆ, ನಡುವೆ ಕವಿತಾ ವಾಚನದ ಧ್ವನಿಯೂ ಇದೆ. ಗ್ರಂಥಾಲಯದಲ್ಲಿರುವುದು ವಿಂಡೋಸ್ 7ರ ಹಳೆಯ ಕಂಪ್ಯೂಟರ್, ಅದರಲ್ಲಿ ಆಫೀಸ್ ಇಲ್ಲ. ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಣ ಕೊಟ್ಟು ಕೊಳ್ಳುವ ಅನುಕೂಲ ನಮಗಿಲ್ಲ. ಹಿಂದೆ ಬರೇ ನೋಡುವುದಕ್ಕೆಂದೇ ಪವರ್‌ಪಾಯಿಂಟ್ ವ್ಯೂವರ್ ಇತ್ತಲ್ಲ, ಅದು ಈಗಲೂ ಸಿಗುತ್ತದೆಯೇ?

ಕಾಸರಗೋಡಿನಿಂದ, ಕಂಪ್ಯೂಟರ್ ರಿಪೇರಿ ಮಾಡುವವರು:
ವ್ಯೂವರಿನ ಆಸೆ ಬಿಡಿ. ಮೈಕ್ರೋಸಾಫ್ಟ್ 2018ರ ಏಪ್ರಿಲ್ ಕೊನೆಗೆ ಅದನ್ನು ನಿಲ್ಲಿಸಿತು. ಕಂಡಕಂಡ ಜಾಲತಾಣಗಳಲ್ಲಿ ಆ ಹೆಸರಿನಲ್ಲಿ ಸಿಗುವುದನ್ನು ಇಳಿಸಿಕೊಂಡು ವೈರಸ್ ಹತ್ತಿಸಿಕೊಂಡ ಯಂತ್ರಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಲಿಬ್ರೆಆಫೀಸ್ ಹಾಕಿಸಿ. ಅದು ಉಚಿತ, ಒಮ್ಮೆ ಹಾಕಿದ ಮೇಲೆ ನೆಟ್ ಬೇಡ, ಅದರಲ್ಲಿನ ಇಂಪ್ರೆಸ್ ನಿಮ್ಮ ಕಡತವನ್ನು ತೆರೆಯುತ್ತದೆ. ಆದರೆ ಅದರ 25.8ನೆಯ ಆವೃತ್ತಿಯಿಂದ ಈಚೆಗಿನದು ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಹಿಂದಿನದನ್ನು ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ.

ಬದಿಯಡ್ಕದಿಂದ, ಕನ್ನಡ ಮಾಧ್ಯಮದ ಶಿಕ್ಷಕಿ:
ನಮ್ಮ ಶಾಲೆಯ ಲ್ಯಾಪ್‌ಟಾಪುಗಳಲ್ಲಿ ಇರುವುದು ಕೇರಳ ಸರಕಾರದ ಕೈಟ್ ಸಂಸ್ಥೆಯವರ ಉಬುಂಟು, ಅಂದರೆ ವಿಂಡೋಸಿನ ಬದಲು ಬಳಸುವ ಉಚಿತ ವ್ಯವಸ್ಥೆ. ಪವರ್‌ಪಾಯಿಂಟಿನ ಮುಖ ನೋಡದೆಯೇ ನಾವು ದಿನನಿತ್ಯ ಇಂಪ್ರೆಸ್‌ನಲ್ಲಿ ಪಾಠ ಮಾಡುತ್ತೇವೆ, ಮಕ್ಕಳೂ ಐಟಿ ಪಾಠದಲ್ಲಿ ಅದನ್ನೇ ಕಲಿಯುತ್ತಾರೆ. ಹಾಗಾಗಿ ಸ್ಲೈಡ್ ಓಡುತ್ತದೆಯೋ ಇಲ್ಲವೋ ಎಂಬ ಚಿಂತೆ ನಿಮಗೆ ಬೇಡ. ಎಫ್5 ಒತ್ತಿದರೆ ಓಡುತ್ತದೆ; ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕು. ತೊಂದರೆ ಕೊಡುವುದು ಕನ್ನಡದ ಅಕ್ಷರ. ನೀವು ಸಮಯ ಕೊಡಬೇಕಾದದ್ದು ಅಲ್ಲಿಗೆ.

ನುಡಿಯ ಹಳೆಯ ಫಾಂಟುಗಳು ಕನ್ನಡವನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಪರದೆಯ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು ಚುಕ್ಕಿಗಳು. ಮಕ್ಕಳ ಮುಂದೆ ಹೀಗಾದರೆ ಕಾರ್ಯಕ್ರಮವೇ ಕೆಟ್ಟಂತೆ. ಆದ್ದರಿಂದ ನುಡಿಯಲ್ಲಿರುವುದನ್ನೆಲ್ಲ ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಆಮೇಲೆ ಒಂದೊಂದು ಸಾಲನ್ನೂ ಓದಿ ನೋಡಿ. ‘ವರ್ಷ’, ‘ಕಾರ್ಯ’ದಂಥ ಪದಗಳ ಅರ್ಕಾವೊತ್ತು ಪರಿವರ್ತನೆಯಲ್ಲಿ ಸ್ಥಾನ ತಪ್ಪುವುದುಂಟು. ಒಬ್ಬ ಕವಿಯ ಬಗ್ಗೆ ಮಾತಾಡುವ ಸ್ಲೈಡಿನಲ್ಲಿ ಅಕ್ಷರ ತಪ್ಪಿರಬಾರದು, ಅದರಲ್ಲೂ ನಮ್ಮ ಗಡಿನಾಡಿನ ಮಕ್ಕಳಿಗೆ ದೊಡ್ಡ ಅಕ್ಷರದ ಕನ್ನಡ ಕಣ್ಣಿಗೆ ಬೀಳುವ ಸಂದರ್ಭಗಳೇ ಕಡಿಮೆ.

ಯೂನಿಕೋಡ್ ಆದರೂ ಪೂರ್ತಿ ನಿಶ್ಚಿಂತೆ ಇಲ್ಲ. ವಿಂಡೋಸಿನ ತುಂಗಾ ಫಾಂಟಿನಲ್ಲಿ ಮಾಡಿದ ಸ್ಲೈಡನ್ನು ನಾನು ಶಾಲೆಯ ಉಬುಂಟುವಿನಲ್ಲಿ ತೆರೆದಾಗ ಅಕ್ಷರ ಸರಿಯಾಗಿಯೇ ಬಂದರೂ ಗಾತ್ರ ದೊಡ್ಡದಾಗಿ ಕೊನೆಯ ಸಾಲು ಚೌಕಟ್ಟಿನಿಂದ ಕೆಳಗಿಳಿದು ಚಿತ್ರದ ಮೇಲೆ ಕುಳಿತಿತ್ತು. ತುಂಗಾ ಇಲ್ಲದ ಕಡೆ ಬೇರೊಂದು ಫಾಂಟ್ ಆ ಜಾಗಕ್ಕೆ ಬರುವುದರಿಂದ ಹೀಗಾಗುತ್ತದೆ. ಈಗ ಎಲ್ಲವನ್ನೂ ನೋಟೋ ಸಾನ್ಸ್ ಕನ್ನಡದಲ್ಲೇ ಮಾಡುತ್ತೇನೆ. ಅದು ಉಚಿತ, ಫಾಂಟಿನ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಆ ಯಂತ್ರಕ್ಕೂ ಹಾಕಿಬಿಟ್ಟರೆ ಸಾಲು ಅಲುಗಾಡುವುದಿಲ್ಲ. ಪವರ್‌ಪಾಯಿಂಟಿನಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಆಯ್ಕೆ ಇದೆ ನಿಜ, ಆದರೆ ಲಿಬ್ರೆಆಫೀಸಿನ ಹಳೆಯ ಆವೃತ್ತಿಗಳು ಅದನ್ನು ಓದುವುದಿಲ್ಲ. ಅದನ್ನು ನಂಬಿ ಹೋಗಬೇಡಿ.

ಏನೇ ಇರಲಿ, ಒಂದು ಪಿಡಿಎಫ್ ಪ್ರತಿ ಜೊತೆಯಲ್ಲಿರಲಿ. ಅದರಲ್ಲಿ ಫಾಂಟಿನ ತಕರಾರೇ ಇಲ್ಲ. ಫೈರ್‌ಫಾಕ್ಸಿನಲ್ಲಿ ತೆರೆದರೂ ಪೂರ್ಣ ಪರದೆಗೆ ಬರುತ್ತದೆ. ಆದರೆ ಪಿಡಿಎಫ್‌ನಲ್ಲಿ ಅನಿಮೇಶನ್ ಇರುವುದಿಲ್ಲ, ಸ್ಲೈಡಿನಲ್ಲಿ ಇರುವುದೆಲ್ಲ ಒಟ್ಟಿಗೇ ಕಾಣಿಸುತ್ತದೆ. ‘ಪೈಗಳಿಗೆ ರಾಷ್ಟ್ರಕವಿ ಬಿರುದು ಬಂದದ್ದು ಯಾವಾಗ?’ ಎಂದು ಕೇಳುವಷ್ಟರಲ್ಲೇ ಕೆಳಗೆ ‘1949’ ಎಂದು ಬಂದಿರುತ್ತದೆ. ಅದಕ್ಕೆ ಆ ಸ್ಲೈಡನ್ನು ನಕಲು ಮಾಡಿ, ಮೊದಲನೆಯದರಲ್ಲಿ ಉತ್ತರವನ್ನು ಅಳಿಸಿ, ಎರಡನೆಯದರಲ್ಲಿ ಹಾಗೆಯೇ ಬಿಡಿ. ಪುಟ ಮುಂದೆ ಹೋದಾಗ ಉತ್ತರ ತಾನೇ ಮೂಡಿದಂತೆ ಕಾಣುತ್ತದೆ.

ಉಪ್ಪಳದಿಂದ, ಯಕ್ಷಗಾನ ಸಂಘದ ಕಾರ್ಯಕರ್ತರು:
ನಾವು ಸಂಘದ ಸ್ಲೈಡುಗಳನ್ನು ವೀಡಿಯೋ ಮಾಡಿಯೇ ಒಯ್ಯುತ್ತೇವೆ. ಪವರ್‌ಪಾಯಿಂಟ್ 2010ರಲ್ಲಿ ಡಬ್ಲ್ಯುಎಂವಿ ಆಗಿ ಉಳಿಸಬಹುದು, 2013ರಿಂದ ಎಂಪಿ4 ಕೂಡ ಇದೆ. ವಿಎಲ್‌ಸಿ ಎಂಬ ಉಚಿತ ವೀಡಿಯೋ ಪ್ಲೇಯರಿನಲ್ಲಿ ಓಡಿಸಿದರೆ ಅಕ್ಷರ, ಅನಿಮೇಶನ್, ಧ್ವನಿ ಎಲ್ಲ ಮನೆಯಲ್ಲಿ ಇದ್ದಂತೆಯೇ ಇರುತ್ತವೆ. ಹಳೆಯ ಯಂತ್ರವಾದರೆ ಅತಿ ಹೆಚ್ಚು ಸ್ಪಷ್ಟತೆ ಆರಿಸಬೇಡಿ, ತಡೆತಡೆದು ಓಡುತ್ತದೆ. ನೀವಾಗಿ ಸಮಯ ಕೊಡದಿದ್ದರೆ ಪ್ರತಿ ಸ್ಲೈಡಿಗೆ 5 ಸೆಕೆಂಡು ಮಾತ್ರ ಸಿಗುತ್ತದೆ, ಮಕ್ಕಳಿಗೆ ಅದು ಯಾವ ಮೂಲೆಗೂ ಸಾಲದು.

ಬದಿಯಡ್ಕದ ಶಿಕ್ಷಕಿ:
ಅಣ್ಣ, ಬಂದವರು ನೋಡಿ ಹೋಗುವ ಪ್ರದರ್ಶನಕ್ಕೆ ವೀಡಿಯೋ ಒಳ್ಳೆಯದೇ. ರಸಪ್ರಶ್ನೆಗೆ ಒಗ್ಗುವುದಿಲ್ಲ. ಒಂದು ಮಗು ಉತ್ತರ ಹೇಳಲು ತಡವರಿಸುವಾಗ ನಾವು ಕಾಯಬೇಕು, ವೀಡಿಯೋ ಕಾಯುವುದಿಲ್ಲ. ಸ್ಪೇಸ್ ಕೀಲಿ ಒತ್ತಿ ನಿಲ್ಲಿಸಬಹುದು, ಆದರೆ ಪ್ರತಿ ಪ್ರಶ್ನೆಗೂ ಹಾಗೆ ಮಾಡುವಾಗ ನಮ್ಮ ಗಮನವೆಲ್ಲ ಕೀಲಿಯ ಮೇಲೆಯೇ ಇರುತ್ತದೆ.

ಪೆರ್ಲದಿಂದ:
ಎಲ್ಲರಿಗೂ ಉಪಕಾರವಾಯಿತು. ಇಂಪ್ರೆಸ್ ಮತ್ತು ಪಿಡಿಎಫ್ ಎಂದು ನಿಶ್ಚಯಿಸಿದೆ. ಕವಿತಾ ವಾಚನದ ಧ್ವನಿಗೆ ಏನು ಮಾಡಲಿ? ಇನ್ನೊಂದು ವಿಷಯ, ಆ ಕಂಪ್ಯೂಟರಿಗೆ ಹೊಸತೇನನ್ನಾದರೂ ಹಾಕಬೇಕಾದರೆ ಪಾಸ್‌ವರ್ಡ್ ಕೇಳುತ್ತದೆ, ಅದು ತಿಳಿದವರು ಈಗ ಊರಲ್ಲಿಲ್ಲ.

ಮುಳ್ಳೇರಿಯಾದಿಂದ:
ಧ್ವನಿಯನ್ನು ಸ್ಲೈಡಿಗೆ ಕಟ್ಟಿಹಾಕಬೇಡಿ. ಪವರ್‌ಪಾಯಿಂಟಿನ ಹಳೆಯ ಆವೃತ್ತಿಗಳಲ್ಲಿ ಸೇರಿಸಿದ ದೊಡ್ಡ ಧ್ವನಿ ಕಡತ ನಿಜವಾಗಿ ಸ್ಲೈಡಿನೊಳಗೆ ಹೋಗುವುದೇ ಇಲ್ಲ, ಅದು ಇರುವ ಜಾಗದ ಗುರುತು ಮಾತ್ರ ಇರುತ್ತದೆ. ಯಂತ್ರ ಬದಲಾದರೆ ಧ್ವನಿ ಮಾಯ. ವಾಚನವನ್ನು ಬೇರೆಯೇ ಎಂಪಿ3 ಆಗಿ ಇಟ್ಟುಕೊಂಡು, ಆ ಸ್ಲೈಡ್ ಬಂದಾಗ ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿ ಕೇಳಿಸಿ. ಪಿಡಿಎಫ್ ತೋರಿಸಬೇಕಾಗಿ ಬಂದರೂ ಇದು ನಡೆಯುತ್ತದೆ.

ಕಾಸರಗೋಡಿನ ರಿಪೇರಿಯವರು:
ಪಾಸ್‌ವರ್ಡ್ ಇಲ್ಲದಿದ್ದರೆ ಲಿಬ್ರೆಆಫೀಸಿನ ಪೋರ್ಟಬಲ್ ಆವೃತ್ತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಇದರಲ್ಲೂ 25.8ಕ್ಕಿಂತ ಹಿಂದಿನದೇ ಬೇಕು. ಕಂಪ್ಯೂಟರಿನಲ್ಲಿ ಏನೂ ಸ್ಥಾಪಿಸದೆ ನೇರ ಅಲ್ಲಿಂದಲೇ ಓಡುತ್ತದೆ. ತೆರೆದುಕೊಳ್ಳಲು ನಿಧಾನ, ಆದ್ದರಿಂದ ಮಕ್ಕಳು ಬರುವ ಮೊದಲೇ ತೆರೆದಿಡಿ. ಫಾಂಟ್ ಹಾಕುವುದಕ್ಕೆ ಮಾತ್ರ ವಿಂಡೋಸ್ 7 ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ತುಂಗಾ ಹೇಗೂ ಇರುವುದರಿಂದ ಸ್ಲೈಡಿನ ಯೂನಿಕೋಡ್ ಅಕ್ಷರಗಳನ್ನು ತುಂಗಾದಲ್ಲೇ ಇಡಿ. ಹಿಂದಿನ ದಿನ ಒಮ್ಮೆ ಗ್ರಂಥಾಲಯಕ್ಕೆ ಹೋಗಿ, ಪ್ರೊಜೆಕ್ಟರ್ ಜೋಡಿಸಿ, ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ ಪರದೆಗೆ ಚಿತ್ರ ಬರುತ್ತದೆಯೇ ಎಂದು ನೋಡಿಕೊಳ್ಳಿ. ಅಲ್ಲಿರುವುದು ಹಳೆಯ ಪ್ರೊಜೆಕ್ಟರಾದರೆ ವಿಜಿಎ ಕೇಬಲ್ಲೇ ಬೇಕಾದೀತು. ಇಲ್ಲದಿದ್ದರೆ ನನ್ನಲ್ಲಿದೆ, ಕೊಡುತ್ತೇನೆ.